ಬೆರಳಿನ ಶಾಯಿ ಹೇಳದ ಮಾತು

2024ರ ನವೆಂಬರ್ 20ರಂದು ಮಹಾರಾಷ್ಟ್ರ ವಿಧಾನಸಭೆಗೆ ಮತದಾನ. ಬೆಳಿಗ್ಗೆ ಏಳೂವರೆಗೇ ಡೊಂಬಿವಲಿಯ ನಮ್ಮ ಮನೆಯ ಹಿಂದಿನ ಶಾಲೆಗೆ ಹೋಗಿ, ಸಾಲಿನಲ್ಲಿ ನಿಂತು, ಮತ ಹಾಕಿ ಬಂದೆ. ನಿವೃತ್ತನಾದವನಿಗೆ ಇಂಥ ಕೆಲಸಗಳಲ್ಲಿ ಉತ್ಸಾಹ ಹೆಚ್ಚು. ಮನೆಗೆ ಬಂದು ಚಹಾದ ಬಟ್ಟಲು ಹಿಡಿದಾಗ ಎಡಗೈಯ ತೋರುಬೆರಳಿನ ಮೇಲೆ ಶಾಯಿಯ ಗೆರೆ ಎದ್ದು ಕಾಣುತ್ತಿತ್ತು.

ಈ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭಿಸಿದ ಸಂಸ್ಥೆಯೇ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಈ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಮುಂಬಯಿಯಲ್ಲಿ ನಲವತ್ತೈದು ವರ್ಷ ಕಳೆದವನಿಗೂ ಮತದಾನದ ದಿನ ಕನ್ನಡ ನಾಡಿನ ಒಂದು ಗುರುತು ಬೆರಳಿಗೆ ಅಂಟುತ್ತದೆಂಬುದು ಒಂದು ಸಣ್ಣ ಹೆಮ್ಮೆ. ಈ ಗೆರೆಯ ಗುಣ ಎಂಥದೆಂದರೆ, ಇವನು ಮತ ಹಾಕಿದ ಎಂದು ಊರಿಗೆಲ್ಲ ಸಾರುತ್ತದೆ; ಯಾರಿಗೆ ಹಾಕಿದ ಎಂಬುದಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ.

ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಮಗಳು ಮತ ಹಾಕಲೆಂದೇ ಹಿಂದಿನ ರಾತ್ರಿ ಬಂದಿದ್ದಳು. ಅವಳ ಬೆರಳಿಗೂ ಗೆರೆ.

“ಅಪ್ಪಾ, ಯಾರಿಗೆ ಹಾಕಿದ್ರಿ?” ಎಂದಳು.

“ಹೇಳೂದಿಲ್ಲವಾ” ಎಂದೆ.

ಅವಳು ನಕ್ಕಳು. “ನಮ್ಮಲ್ಲೆ ಹಿಂಗ ನಡೆಯೂದಿಲ್ಲ ನೋಡ್ರಿ. ಯಾರು ಯಾವುದಕ್ಕ ಹಾಕ್ಯಾರ ಅನ್ನೂದು ಇಡೀ ಜಗತ್ತಿಗೇ ಕಾಣಸ್ತದ.”

‘ನಮ್ಮಲ್ಲಿ’ ಎಂದರೆ ಅವಳ ಕಚೇರಿಯಲ್ಲ. ಬಿಡುವಿನ ವೇಳೆಯಲ್ಲಿ ಅವಳು ಸದಸ್ಯಳಾಗಿರುವ, ಬ್ಲಾಕ್‌ಚೈನ್ ಮೇಲೆ ನಡೆಯುವ ಒಂದು ಸಂಸ್ಥೆ. ಇಂಥವಕ್ಕೆ ವಿಕೇಂದ್ರೀಕೃತ ಸ್ವಾಯತ್ತ ಸಂಸ್ಥೆ ಎಂದು ದೊಡ್ಡ ಹೆಸರು, ಡಿಎಓ ಎಂದು ಚಿಕ್ಕ ಹೆಸರು. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಕಚೇರಿಗೆ ಬಾಗಿಲೂ ಇಲ್ಲ. ಟೋಕನ್ ಉಳ್ಳವರೆಲ್ಲ ಸದಸ್ಯರು. ಟೋಕನ್ ಎಷ್ಟೋ ಮತ ಅಷ್ಟು. ಹಣ ಯಾವುದಕ್ಕೆ ಖರ್ಚಾಗಬೇಕು, ನಿಯಮ ಹೇಗೆ ಬದಲಾಗಬೇಕು ಎಂಬುದೆಲ್ಲ ಮತದಿಂದಲೇ ತೀರ್ಮಾನ.

ನಾನು ಫೋರ್ಟಿನ ಬ್ಯಾಂಕೊಂದರಲ್ಲಿ ಲೆಡ್ಜರ್ ಬರೆದು ಆಯುಷ್ಯ ಕಳೆದವನು. ಆದ್ದರಿಂದ ಬ್ಲಾಕ್‌ಚೈನ್ ಎಂದರೆ ಏನೆಂದು ಮಗಳು ವಿವರಿಸಿದಾಗ ನನಗೆ ಅದು ತೀರ ಅಪರಿಚಿತವೆನಿಸಲಿಲ್ಲ. ಅದೊಂದು ಲೆಡ್ಜರು. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟವನ್ನೆಲ್ಲ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ ಇರುತ್ತದೆ. ಹಿಂದಿನ ಪುಟದ ಒಂದು ಅಂಕೆ ತಿದ್ದಿದರೂ ಮುಂದಿನ ಎಲ್ಲ ಪುಟಗಳ ಸಂಖ್ಯೆ ತಪ್ಪಿಹೋಗುತ್ತದೆ. ಅದರ ಪ್ರತಿಗಳು ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವುದರಿಂದ ಒಬ್ಬ ಗುಮಾಸ್ತ ರಾತ್ರೋರಾತ್ರಿ ಬ್ಲೇಡಿನಿಂದ ಕೆರೆದು ಸರಿಪಡಿಸುವ ಹಾಗಿಲ್ಲ. ನಮ್ಮ ಕಾಲದ ಬ್ಯಾಂಕ್ ಇನ್‌ಸ್ಪೆಕ್ಟರುಗಳು ಕಂಡಿದ್ದರೆ ಆನಂದಪಡುತ್ತಿದ್ದರು! ಮತಗಳೂ ಇಂಥ ಲೆಕ್ಕದಲ್ಲೇ ಬರೆಯಲ್ಪಡುತ್ತವೆ. ಯಾವ ವಿಳಾಸದಿಂದ, ಎಷ್ಟು ಟೋಕನ್ ತೂಕದ ಮತ, ಯಾವ ಕಡೆಗೆ ಎಂಬುದು ಅಂದೇ ಕಾಣುತ್ತದೆ, ಎಂದೆಂದಿಗೂ ಉಳಿಯುತ್ತದೆ.

“ಹೆಸರು ಇರ್ತದೇನು?” ಎಂದು ಕೇಳಿದೆ.

“ಹೆಸರಿಲ್ರಿ. ಸೊನ್ನೆ, ಎಕ್ಸ್ ಅಂತ ಸುರು ಆಗೋ ನಲವತ್ತೆರಡು ಅಕ್ಷರದ ವಿಳಾಸ ಅಷ್ಟ.”

“ಹಂಗಾದ್ರ ಗುಟ್ಟು ಉಳೀತಲ್ಲ?”

ಅವಳು ಸುಮ್ಮನಾದಳು. ಆಮೇಲೆ ಹೇಳಿದಳು. ಆ ಸಂಸ್ಥೆಗೆ ಅವಳು ಒಂದು ಸಣ್ಣ ಕೆಲಸ ಮಾಡಿಕೊಟ್ಟಿದ್ದಳು. ಸಂಭಾವನೆ ಬರಲೆಂದು ತನ್ನ ವಿಳಾಸ ಕೊಟ್ಟಿದ್ದಳು. ಅಂದಿನಿಂದ ಆ ವಿಳಾಸ ಯಾರದೆಂದು ಅಲ್ಲಿನ ನಾಲ್ಕು ಜನರಿಗೆ ಗೊತ್ತು. ಮುಂದೆ ಒಂದು ದಿನ, ಬಹಳ ಟೋಕನ್ ಉಳ್ಳವರೊಬ್ಬರ ಠರಾವಿನ ವಿರುದ್ಧ ಮತ ಹಾಕಿದಳು. ಮತ ಹಾಕಿದ ಅರ್ಧ ಗಂಟೆಯಲ್ಲಿ, ಕೆಲಸ ಕೊಡಿಸಿದವರಿಂದ ಸಂದೇಶ ಬಂತು: ನೀನು ವಿರುದ್ಧ ಹಾಕಿದ್ದು ಕಂಡೆ, ಏನಾದರೂ ಬೇಸರವೇ? ಅಷ್ಟೇ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಆದರೆ ಮುಂದಿನ ಕೆಲಸ ಬೇರೆಯವರಿಗೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಅವಳು ಹೇಳಲಾರಳು. ಇಲ್ಲವೆಂದು ನಂಬಲೂ ಆರಳು.

“ಮುಂದ ಏನ್ ಮಾಡಿದಿ?”

“ಮುಂದಿನ ಸಲ ವೋಟೇ ಹಾಕ್ಲಿಲ್ರಿ.”

ಮಗಳ ಈ ಮಾತು ಕೇಳಿದಾಗ ನನಗೆ ನಮ್ಮ ಹಳೆಯ ಬಿಲ್ಡಿಂಗಿನ ಗಚ್ಚಿ ನೆನಪಾಯಿತು. ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಇಪ್ಪತ್ತೆಂಟು ಮನೆಗಳ ಸೊಸೈಟಿ. ಗೋಡೆಗಳಲ್ಲಿ ಅರಳಿ ಗಿಡ ಬೆಳೆದಿತ್ತು, ಮಳೆಗಾಲದಲ್ಲಿ ಮೇಲಿನ ಮನೆಯ ನೀರು ಕೆಳಗಿನ ಮನೆಗೆ. ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಿಸುವುದೆಂದು ತೀರ್ಮಾನವಾಗಿ ಇಬ್ಬರು ಬಿಲ್ಡರುಗಳ ಪ್ರಸ್ತಾವ ಬಂದಿತ್ತು. ನಾನು ಬ್ಯಾಂಕಿನವನಲ್ಲವೇ, ಎರಡನ್ನೂ ಕೂತು ಓದಿದ್ದೆ. ನಮ್ಮ ಕಾರ್ಯದರ್ಶಿಗಳು ಮೆಚ್ಚಿದ್ದ ಬಿಲ್ಡರಿನ ಹತ್ತಿರ ಕೆಲಸ ಮುಗಿಸುವಷ್ಟು ಹಣ ಕಾಣಲಿಲ್ಲ. ಎರಡನೆಯವನು ಕೊಡುವ ಜಾಗ ಕಡಿಮೆ, ಆದರೆ ಬ್ಯಾಂಕ್ ಗ್ಯಾರಂಟಿ ಇತ್ತು.

ಗಚ್ಚಿಯ ಮೇಲೆ ಸಭೆ. ಕಾರ್ಯದರ್ಶಿಗಳು “ಪರವಾಗಿರುವವರು ಕೈ ಎತ್ತಿ” ಎಂದರು. ಎರಡು ವರ್ಷದ ಹಿಂದೆ ನಡುರಾತ್ರಿ ನನ್ನ ಹೆಂಡತಿಗೆ ಎದೆನೋವು ಬಂದಾಗ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದವರು ಅವರೇ. ಅವರ ಕಣ್ಣು ಸಾಲಾಗಿ ಎಲ್ಲರ ಮೇಲೆ ಹಾಯ್ದು ನನ್ನ ಹತ್ತಿರ ಬಂತು. ಕೈ ತಾನಾಗಿ ಮೇಲೆದ್ದಿತು. ಓದಿದ್ದೆಲ್ಲ ಎಲ್ಲಿ ಹೋಯಿತೋ!

ಕೈ ಎತ್ತದವರು ಒಬ್ಬರೇ. ಕೆಳಗಿನ ಮನೆಯ ವಿಧವೆ, ಬಿಲ್ಡಿಂಗಿಗೆಲ್ಲ ‘ಮಾವಶಿ’. ಅವರು ನಾನು ಓದಿದಷ್ಟು ಕಾಗದ ಓದಿದವರಲ್ಲ. “ಮನೆ ಬಿಟ್ಟು ಹೋಗು ಅನ್ನುವವನು ವಾಪಸು ಕೊಡುವ ಖಾತ್ರಿ ಏನು?” ಎಂದು ಮರಾಠಿಯಲ್ಲಿ ಕೇಳಿದರು, ಅಷ್ಟೇ. ಅನಂತರದ ತಿಂಗಳುಗಳಲ್ಲಿ ಮಾವಶಿಯ ಮನೆಯ ಸೋರಿಕೆಯ ದೂರಿಗೆ ಯಾರೂ ಕಿವಿಗೊಡಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ ಜನ ಮುಖ ತಿರುಗಿಸಿದರು. ಅವರಲ್ಲಿ ನಾನೂ ಒಬ್ಬ. ಬಿಲ್ಡಿಂಗ್ ಕೆಡವಿದರು. ನೆಲಗಟ್ಟಿನ ಕೆಲಸಕ್ಕೇ ಬಿಲ್ಡರಿನ ಹಣ ಮುಗಿಯಿತು. ಬಾಡಿಗೆ ಕೊಡುವುದೂ ನಿಂತಿತು. ಬೇರೊಬ್ಬರು ಬಂದು ಕಟ್ಟಿ ಮುಗಿಸುವ ಹೊತ್ತಿಗೆ ಆರು ವರ್ಷ. ಮಾವಶಿ ಬಾಡಿಗೆಯ ಖೋಲಿಯಲ್ಲೇ ತೀರಿಕೊಂಡರು. ಹೊಸ ಮನೆಯ ಬೀಗದ ಕೈ ಅವರ ಸೋದರಳಿಯ ಬಂದು ಒಯ್ದ.

ಅಂದು ಚೀಟಿ ಕೊಟ್ಟಿದ್ದರೆ ನಾನು ಏನು ಬರೆಯುತ್ತಿದ್ದೆನೆಂದು ನನಗೆ ಗೊತ್ತು. ನನ್ನಂಥವರು ಇನ್ನೂ ಹತ್ತು ಜನ ಇದ್ದಿರಬಹುದು.

ಹಾಗಾದರೆ ಮತ ಗುಟ್ಟಾಗಿದ್ದರೆ ಎಲ್ಲವೂ ಒಳ್ಳೆಯದೇ? ಇಲ್ಲಿ ನನ್ನ ಇನ್ನೊಂದು ಕಥೆ ಹೇಳಲೇಬೇಕು. ಇದನ್ನು ಇಪ್ಪತ್ತೈದು ವರ್ಷಗಳಿಗೂ ಮೇಲೆ ಯಾರಿಗೂ ಹೇಳಿಲ್ಲ.

1998ರಲ್ಲಿ ಒಂದು ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ನನ್ನ ಆಪ್ತ ಗೆಳೆಯನೇ ನಿಂತಿದ್ದ. ಒಂದೇ ಊರ ಕಡೆಯವರು, ಒಂದೇ ಚಾಳಿನಲ್ಲಿ ಸಂಸಾರ ಆರಂಭಿಸಿದವರು, ವರ್ಷಗಟ್ಟಲೆ ಒಂದೇ ಫಾಸ್ಟ್ ಲೋಕಲಿನಲ್ಲಿ ನೇತಾಡಿದವರು. “ನಿನ್ನ ವೋಟು ನನಗs ಅಲ್ಲೇನೋ?” ಎಂದು ಕೇಳಿದ, “ಕೇಳೂ ಮಾತೇನು” ಎಂದೆ. ಆದರೆ ಅವನ ಕೈಯಲ್ಲಿ ಹಣದ ಲೆಕ್ಕ ನಿಲ್ಲುತ್ತಿರಲಿಲ್ಲ. ಕದಿಯುವವನಲ್ಲ, ದೇವರಾಣೆ, ಮರೆಯುವವನು, ರಸೀತಿ ಇಡದವನು. ಎದುರಾಳಿ ಮಿತಭಾಷಿ, ಆದರೆ ಪೈಸೆ ಪೈಸೆಗೆ ಲೆಕ್ಕ ಇಡುವ ಮನುಷ್ಯ. ಬಿಸ್ಕಿಟ್ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಮತಪೆಟ್ಟಿಗೆ ಮಾಡಿದ್ದರು. ಚೀಟಿಯನ್ನು ಕೈಯಲ್ಲಿ ಮರೆಮಾಡಿಕೊಂಡು ಎದುರಾಳಿಯ ಹೆಸರು ಬರೆದೆ. ಗೆಳೆಯ ಮೂರು ಮತಗಳಿಂದ ಸೋತ.

ಅಂದು ಸಂಜೆ ಸ್ಟೇಷನ್ನಿನ ಎದುರು ಚಹಾ ಕುಡಿಯುವಾಗ ಅವನೆಂದ: “ಯಾರು ಕೈಕೊಟ್ರೋ ಗೊತ್ತಿಲ್ಲ. ನಿನ್ನದೊಂದು ವೋಟಂತೂ ನನಗ ಬಿದ್ದದ.” ನಾನು “ಹೂಂ” ಎಂದೆ. ಚಹಾದ ಹಣವನ್ನೂ ಅವನೇ ಕೊಟ್ಟ.

ನೋಡಿ, ಬಯಲಿನ ಮತ ನನ್ನನ್ನು ಹೇಡಿಯನ್ನಾಗಿ ಮಾಡಿತು. ಗುಟ್ಟಿನ ಮತ ಸತ್ಯ ಬರೆಯಿಸಿತು, ಆದರೆ ಆಮೇಲೆ ಸುಳ್ಳು ಹೇಳಿಸಿತು. ಯಾವುದು ಮೇಲು?

ಈ ಪ್ರಶ್ನೆ ಹೊಸದಲ್ಲ. 1872ರ ತನಕ ಇಂಗ್ಲೆಂಡಿನಲ್ಲಿ ಮತದಾರ ಎಲ್ಲರೆದುರು ನಿಂತು ಬಾಯಿಬಿಟ್ಟು ಹೇಳಬೇಕಿತ್ತು. ಗುಮಾಸ್ತ ಅದನ್ನು ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದ. ಎಷ್ಟೋ ಊರುಗಳಲ್ಲಿ ಆ ಪುಸ್ತಕ ಅಚ್ಚಾಗಿ ಮಾರಾಟವೂ ಆಗುತ್ತಿತ್ತು. ಒಕ್ಕಲು ಯಾರಿಗೆ ಹಾಕಿದನೆಂದು ಜಮೀನುದಾರ ಓದಿ ತಿಳಿಯಬಹುದಿತ್ತು. ಮಗಳ ಬ್ಲಾಕ್‌ಚೈನಿನ ಅಜ್ಜನೆಂದರೆ ಆ ಪುಸ್ತಕವೇ! ಜಾನ್ ಸ್ಟುವರ್ಟ್ ಮಿಲ್‌ನಂಥ ಸ್ವಾತಂತ್ರ್ಯವಾದಿ ಕೂಡ 1861ರಲ್ಲಿ ಬಯಲು ಮತದಾನದ ಪರವಾಗಿಯೇ ವಾದಿಸಿದ. ಮತವೆಂಬುದು ಸ್ವಂತ ಆಸ್ತಿಯಲ್ಲ, ಸಮಾಜದ ಪರವಾಗಿ ಹಿಡಿದ ಹೊಣೆ. ಹೊಣೆ ಹೊತ್ತವನು ಎಲ್ಲರ ಕಣ್ಣೆದುರು ನಡೆಯಬೇಕು ಎಂಬುದು ಅವನ ತರ್ಕ. ಆದರೆ ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಪ್ರಾಂತಗಳು 1856ರಲ್ಲೇ ಗುಪ್ತ ಮತದಾನ ತಂದಿದ್ದವು. ಇಂಗ್ಲೆಂಡ್ ಕಡೆಗೆ ಅದೇ ದಾರಿ ಹಿಡಿಯಿತು.

ನಮ್ಮ ದೇಶದ ಮೊದಲ ಮಹಾಚುನಾವಣೆ ನಡೆದಾಗ ಗದಗ ಕಡೆಯ ನಮ್ಮೂರು ಮುಂಬಯಿ ರಾಜ್ಯದಲ್ಲೇ ಇತ್ತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಮತಪತ್ರಕ್ಕೆ ಗುರುತು ಹಾಕುವ ಕೆಲಸವಿಲ್ಲ. ಬೇಕಾದವರ ಚಿಹ್ನೆಯ ಪೆಟ್ಟಿಗೆಯಲ್ಲಿ ಹಾಕಿದರಾಯಿತು. ನಮ್ಮ ಅಜ್ಜಿ ಹೋಗಿ ಹಾಕಿ ಬಂದಳು. ಯಾವ ಪೆಟ್ಟಿಗೆಗೆ ಹಾಕಬೇಕೆಂದು ಅಜ್ಜ ಎರಡು ದಿನ ಪಾಠ ಹೇಳಿದ್ದನಂತೆ. “ನಾ ಹೇಳಿದ್ದಕ್ಕs ಹಾಕಿದಿ ಹೌದಿಲ್ಲೋ?” ಎಂದು ಅವನು ಸಾಯುವ ತನಕ ಕೇಳುತ್ತಿದ್ದ. ಅಜ್ಜಿ ಒಲೆ ಊದುತ್ತ, “ಪೆಟ್ಟಿಗಿಗೆ ಗೊತ್ತು” ಎನ್ನುತ್ತಿದ್ದಳು. ಆ ಮನೆಯಲ್ಲಿ ಗಂಡನ ಅಪ್ಪಣೆಯಿಲ್ಲದೆ ಅಜ್ಜಿ ಮಾಡಿದ ಕೆಲಸ ಅದೊಂದೇ ಇರಬೇಕು. 1951ರ ಜನಪ್ರಾತಿನಿಧ್ಯ ಕಾಯಿದೆಯ 94ನೆಯ ಕಲಮು, ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆನ್ನುತ್ತದೆ. ಅಜ್ಜಿಗೆ ಕಲಮು ತಿಳಿಯದು, ಅದರ ಬೆಲೆ ತಿಳಿದಿತ್ತು.

ಮಗಳೊಡನೆ ಅಂದು ಮಧ್ಯಾಹ್ನದ ತನಕ ವಾದ ನಡೆಯಿತು. ಬಯಲಿನ ಪರವಾಗಿಯೂ ಅವಳ ಹತ್ತಿರ ಗಟ್ಟಿ ಮಾತು ಇತ್ತು. ಕಾಂಪೌಂಡ್ ಎಂಬುದು ಸಾಲ ಕೊಡುವ-ಪಡೆಯುವ ಒಂದು ದೊಡ್ಡ ಬ್ಲಾಕ್‌ಚೈನ್ ವ್ಯವಸ್ಥೆ. 2024ರ ಜುಲೈನಲ್ಲಿ ಅಲ್ಲಿ ಒಂದು ಠರಾವು ಬಂತು: ಸಂಸ್ಥೆಯ ಭಂಡಾರದಿಂದ 4,99,000 ಟೋಕನ್‌ಗಳನ್ನು, ಅಂದರೆ ಸುಮಾರು 2.4 ಕೋಟಿ ಡಾಲರ್ ಬೆಲೆಯದನ್ನು, ಒಂದು ಗುಂಪು ನಡೆಸುವ ಯೋಜನೆಗೆ ಒಪ್ಪಿಸಬೇಕು. ಪರವಾಗಿ ಸುಮಾರು 6 ಲಕ್ಷ 82 ಸಾವಿರ, ವಿರುದ್ಧ ಸುಮಾರು 6 ಲಕ್ಷ 34 ಸಾವಿರ ಮತ ಬಿದ್ದು ಠರಾವು ಪಾಸಾಯಿತು. ಕೆಲವೇ ಕೈಗಳು ಟೋಕನ್ ಕೂಡಿಸಿಕೊಂಡು ಭಂಡಾರಕ್ಕೆ ಕೈ ಹಾಕಿವೆ ಎಂದು ಗದ್ದಲವೆದ್ದಿತು. ಕಡೆಗೆ ಮಾತುಕತೆಯಾಗಿ ಅದನ್ನು ಕೈಬಿಟ್ಟರು. ಲೆಕ್ಕ ಬಯಲಾಗಿದ್ದುದರಿಂದಲೇ ಯಾವ ವಿಳಾಸಗಳಿಗೆ ಟೋಕನ್ ಬಂದು ಸೇರಿತು, ಯಾವುವು ಕೂಡಿ ಮತ ಹಾಕಿದವು ಎಂದು ಜನ ಪತ್ತೆ ಹಚ್ಚಬಲ್ಲವರಾದರು. ಎಲ್ಲವೂ ಮುಚ್ಚಿದ್ದರೆ?

“ಖರೇ ಅದ” ಎಂದೆ. ಆದರೆ ಬಯಲು ಮತಕ್ಕೆ ಇನ್ನೊಂದು ರೋಗವಿದೆ. ಅದು ರಸೀತಿ ಕೊಡುತ್ತದೆ. ಮತ ಕೊಳ್ಳುವವನಿಗೆ ಬೇಕಾದದ್ದು ಅದೇ. ನಮ್ಮ ಚುನಾವಣೆಗಳಲ್ಲಿ ಹಣ ಹಂಚುವವನಿಗೆ ಒಂದು ಚಿಂತೆ ಇದ್ದೇ ಇರುತ್ತದೆ: ದುಡ್ಡು ತಿಂದವನು ಒಳಗೆ ಹೋಗಿ ಏನು ಮಾಡಿದನೋ! ಈಗಿನ ಯಂತ್ರದ ಪಕ್ಕದ ಕಿಟಕಿಯಲ್ಲಿ ನಮ್ಮ ಮತದ ಚೀಟಿ ಏಳು ಸೆಕೆಂಡು ಕಾಣಿಸಿ ಡಬ್ಬಿಯೊಳಗೆ ಬೀಳುತ್ತದೆ. ನಾವು ನೋಡಬಹುದು, ಕೈಯಲ್ಲಿ ಹಿಡಿದು ಹೊರಗೆ ಒಯ್ಯುವಂತಿಲ್ಲ. ಆ ಏಳು ಸೆಕೆಂಡಿನಲ್ಲಿ ದೊಡ್ಡ ವಿವೇಕವಿದೆ. ಬ್ಲಾಕ್‌ಚೈನಿನಲ್ಲಾದರೋ, ಕೊಂಡವನು ಮನೆಯಲ್ಲೇ ಕೂತು ಮಾಲು ಬಂತೋ ಇಲ್ಲವೋ ನೋಡಿಕೊಳ್ಳಬಹುದು.

ಇದು ಆ ಜನರಿಗೆ ತಿಳಿಯದ್ದಲ್ಲ. ಸ್ನ್ಯಾಪ್‌ಶಾಟ್ ಎಂಬ ಮತದಾನ ವ್ಯವಸ್ಥೆಯಲ್ಲಿ 2022ರಿಂದ ಮತಗಳನ್ನು ಗೂಢಲಿಪಿಯಲ್ಲಿ ಮುಚ್ಚಿಟ್ಟು, ಅವಧಿ ಮುಗಿದ ಮೇಲೆ ತೆರೆಯುವ ಅನುಕೂಲ ಬಂದಿದೆ. ಇದರಿಂದ ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿ ಅತ್ತ ವಾಲುವುದು ತಪ್ಪುತ್ತದೆ. ಆದರೆ ಕೊನೆಗೆ ಎಲ್ಲವೂ ಬಯಲೇ. ಇನ್ನೊಂದು ಉಪಾಯವನ್ನು ಇಥೀರಿಯಂ ಬ್ಲಾಕ್‌ಚೈನಿನ ರೂವಾರಿ ವಿಟಾಲಿಕ್ ಬುಟೆರಿನ್ 2019ರಲ್ಲಿ ಸೂಚಿಸಿದರು. ಮತದಾರ ತನ್ನ ಕೀಲಿಕೈಯಿಂದ ಮತವನ್ನು ಮುಚ್ಚಿ ಕಳಿಸುತ್ತಾನೆ. ಬೇಕೆಂದಾಗ ಗುಟ್ಟಾಗಿ ಕೀಲಿಕೈ ಬದಲಿಸಬಹುದು. ಆಗ ಹಳೆಯ ಕೈಯಿಂದ ಹಾಕಿದ ಮತ ಎಣಿಕೆಗೆ ಬಾರದು. ಕೊಳ್ಳುವವನಿಗೆ “ಇಕೋ, ನೀವು ಹೇಳಿದಂತೆ ಹಾಕಿದೆ” ಎಂದು ತೋರಿಸಬಹುದು, ಆದರೆ ಅದು ಎಣಿಕೆಗೆ ಬರುವ ಮತವೋ ಸತ್ತ ಮತವೋ ಕೊಂಡವನಿಗೆ ತಿಳಿಯುವುದಿಲ್ಲ. ಎಣಿಸುವವನೊಬ್ಬ ಇರುತ್ತಾನೆ. ಒಂದೊಂದು ಮತವನ್ನೂ ಹೊರಗೆ ತೋರಿಸದೆ, ತನ್ನ ಮೊತ್ತ ಸರಿಯಿದೆಯೆಂಬುದಕ್ಕೆ ಗಣಿತದ ಪುರಾವೆ ಕೊಡಬೇಕು. ಎಣಿಕೆಯಲ್ಲಿ ಅವನು ಮೋಸ ಮಾಡಲಾರ. ಆದರೆ ಮತಗಳು ಅವನ ಕಣ್ಣಿಗೆ ಬೀಳುತ್ತವೆ ಎಂಬುದೊಂದು ಕೊರತೆ.

“ಅಂದ್ರ, ಎಣಿಸೂದು ಬೆಳಕಿನಾಗ, ಹಾಕೂದು ಕತ್ತಲಾಗ” ಎಂದೆ.

“ಅಷ್ಟs ಆಗಿದ್ರ ಸರಳ ಇತ್ತು. ಬ್ಯಾರೆಯವರ ಪರವಾಗಿ ವೋಟು ಹಾಕೋರು ಇದ್ದಾರಲ್ರಿ” ಎಂದಳು.

ಟೋಕನ್ ಉಳ್ಳ ಸಾವಿರಾರು ಜನರಿಗೆ ಪ್ರತಿ ಠರಾವು ಓದಲು ಪುರುಸೊತ್ತಿಲ್ಲ. ಅವರು ತಮ್ಮ ಮತದ ಅಧಿಕಾರವನ್ನು ಒಬ್ಬ ಪ್ರತಿನಿಧಿಗೆ ಒಪ್ಪಿಸುತ್ತಾರೆ. ಆ ಪ್ರತಿನಿಧಿ ಗುಟ್ಟಾಗಿ ಮತ ಹಾಕಿದರೆ ಒಪ್ಪಿಸಿದವರು ಅವನನ್ನು ಕೇಳುವುದು ಹೇಗೆ? ನಮ್ಮ ದೇಶದಲ್ಲೂ ಈ ಭೇದವಿದೆ. ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕೆಂದು 2003ರಲ್ಲಿ ಕಾನೂನಾಯಿತು. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಶಾಸಕರನ್ನು ಆರಿಸಿದ ನಮ್ಮ ಮತ ಮಾತ್ರ ಗುಪ್ತವೇ. ಮಿಲ್ ಹೇಳಿದ ಹೊಣೆಯ ಮಾತು ಶಾಸಕರಿಗೆ ಒಪ್ಪುತ್ತದೆ, ನಮ್ಮ ಅಜ್ಜಿಗೆ ಒಪ್ಪುವುದಿಲ್ಲ. ಇತರರ ಅಧಿಕಾರ ಕೈಯಲ್ಲಿ ಹಿಡಿದವನು ಬೆಳಕಿನಲ್ಲಿ ನಿಲ್ಲಬೇಕು. ತನ್ನದೊಂದು ಮತ ಬಿಟ್ಟು ಬೇರೇನೂ ಇಲ್ಲದವನಿಗೆ, ಬೇಕಾದರೆ ಮರೆ ಇರಬೇಕು.

ಈ ತಕ್ಕಡಿಯಲ್ಲಿ ತೂಗಿದರೆ ನಮ್ಮ ಸೊಸೈಟಿಯ ಲೆಕ್ಕ ತಲೆಕೆಳಗಾಗಿತ್ತು. ಬಿಲ್ಡರನ್ನು ಆರಿಸಿ ತಂದ ಸಮಿತಿಯವರ ಚರ್ಚೆ ಮುಚ್ಚಿದ ಬಾಗಿಲೊಳಗೆ. ಮಾವಶಿಯ ಕೈ ಗಚ್ಚಿಯ ಮೇಲೆ, ಎಲ್ಲರ ಕಣ್ಣೆದುರು. ಮಗಳ ಸಂಸ್ಥೆಯಲ್ಲಿ ಬಲಿಷ್ಠರೂ ಬಯಲಲ್ಲೇ ಇದ್ದಾರೆ, ಅಷ್ಟರಮಟ್ಟಿಗೆ ಮೇಲು. ಆದರೆ ಬಯಲಿನ ಬಿಸಿಲು ದೊಡ್ಡವರಿಗೂ ಸಣ್ಣವರಿಗೂ ಒಂದೇ ಸಮ ತಾಗುವುದಿಲ್ಲ.

ಸಂಜೆ ಮಗಳು ಪುಣೆಗೆ ಹೊರಟಳು. ಸ್ಟೇಷನ್ನಿಗೆ ಬಿಟ್ಟು ಬರುವಾಗ ಗೆಳೆಯ ಎದುರಾದ. ಅವನ ಬೆರಳಿಗೂ ಗೆರೆ. ಇಬ್ಬರೂ ಬೆರಳು ತೋರಿಸಿ ನಕ್ಕೆವು. ಅಂದಿನಿಂದ ಈ ಲೇಖನ ಬರೆಯಬೇಕೆಂಬ ಯೋಚನೆ ತಲೆಯಲ್ಲಿ ಕೂತಿತು.

ಈ ಪತ್ರಿಕೆ ಅವನ ಮನೆಗೂ ಹೋಗುತ್ತದೆ. ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದುವವನು ಅವನು. ಗೆಳೆಯಾ, 1998ರ ಆ ಚೀಟಿಯಲ್ಲಿ ನಾನು ನಿನ್ನ ಹೆಸರು ಬರೆಯಲಿಲ್ಲ. ಹಾಗೆ ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ. ಚಹಾದಂಗಡಿಯಲ್ಲಿ “ಹೂಂ” ಎಂದದ್ದಕ್ಕೆ ಇದೆ. ಇದನ್ನು ನಿನ್ನಿಂದ ಯಾರೂ ಕೇಳಿ ಹೇಳಿಸಲಿಲ್ಲ, ಯಾವ ಲೆಡ್ಜರೂ ಹೊರಗೆಡಹಲಿಲ್ಲ. ನಾನಾಗಿ ಹೇಳುತ್ತಿದ್ದೇನೆ. ಆ ಬಿಸ್ಕಿಟ್ ಡಬ್ಬಿಯ ಚೀಟಿಗಳು ಎಂದೋ ರದ್ದಿಯವನಿಗೆ ಹೋಗಿವೆ. ಆದ್ದರಿಂದ ಪುರಾವೆ ಕೊಡಲಾರೆ; ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಚಹಾದ ಹಣ ಮಾತ್ರ ಈ ಸಲ ನನ್ನದು.